ಅಪ್ಪನ ಮೈಮೇಲಿನ ಧೂಳು

ಅಪ್ಪನಿಗೆ ಅಮರಗೋಳದ ಮಾರುಕಟ್ಟೆಯಲ್ಲಿ ಕಾಳುಕಡಿಯ ಅಂಗಡಿಯಿತ್ತು. ಕಾಳಿನ ಧೂಳು ನನಗೆ ಅಲರ್ಜಿ. ಸ್ವಲ್ಪ ಮೂಗಿಗೆ ಹೋದರೂ ಉಸಿರು ಕಟ್ಟುತ್ತಿತ್ತು. ಸಂಜೆ ಅಪ್ಪ ಬಂದ ಕೂಡಲೇ ಅಕ್ಕ ಓಡಿಹೋಗಿ ಅವರ ಕೊರಳಿಗೆ ಜೋತುಬೀಳುತ್ತಿದ್ದಳು. ನಾನು ಮುಚ್ಚಿದ ಕಿಟಕಿಯ ಗಾಜಿಗೆ ಹಣೆ ಹಚ್ಚಿ ನೋಡುತ್ತಿದ್ದೆ. ಅವರು ಮಿಂದು, ಬಟ್ಟೆ ಬದಲಿಸಿ ನನ್ನ ಹತ್ತಿರ ಬರುವಷ್ಟರಲ್ಲಿ ಅಂಗಡಿಯ ಸುದ್ದಿಯೆಲ್ಲ ಅಕ್ಕನಿಗೆ ಹೇಳಿ ಮುಗಿದಿರುತ್ತಿತ್ತು.

ಸತ್ತೂರಿನ ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ಅಲರ್ಜಿಯ ಇಂಜೆಕ್ಷನ್ ತೆಗೆದುಕೊಂಡೆ. ಇನ್ನು ಅಷ್ಟು ಹೆದರಬೇಕಿಲ್ಲ ಎಂದು ಡಾಕ್ಟರು ಹೇಳಿದ ದಿನ ನಾನೇ ಗೇಟಿಗೆ ಹೋಗಿ ನಿಂತೆ. ಅಪ್ಪ ಗಾಬರಿಯಾಗಿ ಹಿಂದೆ ಸರಿದರು.

“ದೂರ ನಿಂದ್ರವಾ, ಮೈತುಂಬ ಧೂಳ ಐತಿ.”

“ಇರ್ಲಿ ಬಿಡ್ರಿ ಅಪ್ಪಾ,” ಎಂದು ಅಪ್ಪಿಕೊಂಡೆ.

ಕೆಮ್ಮು ಬರಲಿಲ್ಲ. ಅಪ್ಪ ಮಾತ್ರ ಎರಡೂ ಕೈ ಮೇಲೆತ್ತಿಕೊಂಡೇ ನಿಂತಿದ್ದರು. ನನ್ನನ್ನು ಮುಟ್ಟಲು ಅವರಿಗೆ ಇನ್ನೂ ಧೈರ್ಯ ಬಂದಿರಲಿಲ್ಲ.