ಎರಡು ಸೂರ್ಯರ ನಡುವೆ

ಬಳ್ಳಾರಿಯ ನಮ್ಮ ಕಾಲೇಜಿಗೆ ಮೊದಲ ಕಂಪ್ಯೂಟರ್ ಬಂದದ್ದು ಎಂಬತ್ತಾರರಲ್ಲಿ ಎಂದೇ ನನಗೆ ನೆನಪಿತ್ತು; ಕುರುಗೋಡಿನ ಗಣಿತ ಉಪನ್ಯಾಸಕರು ಸೇರಿದ ವರ್ಷದೊಡನೆ ತಾಳೆ ನೋಡಿದಾಗ ಎಂಬತ್ತೇಳೆಂದು ಖಚಿತವಾಯಿತು. ಅದರಲ್ಲಿದ್ದ ಬಾಹ್ಯಾಕಾಶ ಯಾನದ ಆಟವನ್ನು ಅಧ್ಯಾಪಕರಾದ ನಮಗೆ ಕಲಿಸಿದವರು ಸಿರುಗುಪ್ಪದಿಂದ ಬರುತ್ತಿದ್ದ ಭೌತಶಾಸ್ತ್ರದ ಮೇಡಂ. ಯಾವ ಪ್ರಶ್ನೆಗೂ ಅವರು ಕನ್ನಡಕ ಒರೆಸಿಕೊಂಡ ಮೇಲೆಯೇ ಉತ್ತರಿಸುತ್ತಿದ್ದರು. "ಮೊದಲ ನಿಲ್ರಿ, ಆಮ್ಯಾಲ ನೋಡ್ರಿ" ಎಂಬುದು ಪ್ರಯೋಗಶಾಲೆಯಲ್ಲೂ ಆಟದಲ್ಲೂ ಅವರ ಮಾತು.

ನೌಕೆ ಸುಟ್ಟರೆ ಯಾತ್ರೆಯನ್ನು ಮೊದಲಿನಿಂದ ಆರಂಭಿಸಬೇಕಿತ್ತು. ಒಂದು ಸಂಜೆ, ನಾವೆಲ್ಲ ಸರದಿಯಲ್ಲಿ ಇಡೀ ಬೇಸಿಗೆ ನಡೆಸಿದ್ದ ನೌಕೆ ದೂರದ ಜಿಗಿತವೊಂದನ್ನು ಮುಗಿಸಿ ಜೋಡಿ ನಕ್ಷತ್ರಗಳ ನಡುವೆ ಹೊರಬಿತ್ತು. ಪರದೆಯ ಅಂಚಿನಲ್ಲಿ ನೌಕೆಯ ಶಾಖ ತೋರಿಸುವ ಗೆರೆ ಏರತೊಡಗಿತು. ಕೀಲಿಮಣೆಯ ಮುಂದಿದ್ದ ಗಣಿತದವರು ನಮ್ಮ ಸೀಮೆಯ ಬಿಸಿಲಿನಲ್ಲಿ ಬೆಳೆದವರು. ದೊಡ್ಡ ಸೂರ್ಯನಿಂದ ತಪ್ಪಿಸಿಕೊಳ್ಳಲು ಚಿಕ್ಕದರ ಹಿಂದಕ್ಕೆ ನೌಕೆಯನ್ನು ಓಡಿಸಿದರು.

"ಎಲ್ಲಿಗೆ ಹೊಂಟ್ರಿ ಸರ?" ಎಂದರು ಮೇಡಂ.

"ನೆಳ್ಳಿಗ್ರಿ."

"ಅದೂ ಸೂರ್ಯನ ಐತಲ್ರಿ. ಹಿಂದ ಬೇವಿನ ಗಿಡ ಹಚ್ಯಾರೇನು? ಮೊದಲ ನಿಲ್ರಿ."

ಗಣಿತದವರು ವೇಗವನ್ನು ಸೊನ್ನೆಗಿಳಿಸಿದರು. "ಸುಟ್ಟು ಹೋಗತೈತ್ರಿ ಮೇಡಂ" ಎಂದು ಗೆರೆಯತ್ತ ಬೆರಳು ತೋರಿಸಿದರು.

"ನಿಂತಲ್ಲೇ ಮುಖ ತಿರುಗಿಸ್ರಿ, ಎರಡೂ ಕಾಣದಂಗ ಆಗೂತನಕ."

ಸೂರ್ಯರಿಬ್ಬರೂ ಅಂಚಿನಾಚೆ ಸರಿದು ಪರದೆಯ ಆಕಾಶ ಪೂರ್ತಿ ಕಪ್ಪಾಯಿತು.

"ಈಗ ಮೆಲ್ಲಕ ಹೋಗ್ರಿ."

ತುದಿ ಮುಟ್ಟಿದ್ದ ಗೆರೆ ಕೂದಲೆಳೆಯಷ್ಟು ಇಳಿಯಿತು, ಮತ್ತಷ್ಟು ಇಳಿಯಿತು. ಅಷ್ಟು ಹೊತ್ತೂ ಮೇಡಂ ಕೀಲಿಮಣೆಯನ್ನು ಮುಟ್ಟಿರಲಿಲ್ಲ. ನೌಕೆ ಉಳಿಸಿದವರು ಗಣಿತದ ಸರ್ ಎಂದು ಮರುದಿನ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಹೇಳಿದವರು ಅವರೇ. ಬೇವಿನ ಗಿಡದ ಮಾತನ್ನು ಮಾತ್ರ ಯಾರ ಮುಂದೆಯೂ ಎತ್ತಲಿಲ್ಲ.