ನಿಲಾ ಬಿಡಿಸಲಾಗದ ಒಗಟು

ಮನಿಲಾದ ಸಿನಿಮಾ ಮಂದಿಗೆ ಲಿಯೊನಿಲಾ ಕಾತಾಕುತಾನ್ ಎಂದರೆ ಯಾರೆಂದು ಹೊಳೆಯುತ್ತಿರಲಿಲ್ಲ. ‘ಟೀಟಾ ನಿಲಾ ಬಂದರು’ ಎಂದರೆ ಮಾತ್ರ ಕುಡಿಯುತ್ತಿದ್ದ ಕಾಫಿ ಕೆಳಗಿಡುತ್ತಿದ್ದರು. ಟೀಟಾ ಎಂದರೆ ಚಿಕ್ಕಮ್ಮ. ಇಪ್ಪತ್ತೊಂಬತ್ತನೇ ವಯಸ್ಸಿಗೇ ಆಕೆ ಅಷ್ಟೂ ತಾರೆಯರಿಗೆ ಚಿಕ್ಕಮ್ಮನಾಗಿದ್ದಳು.

ಮನಿಲಾ ಪಕ್ಕದ ಮಲಬೋನಿನ ಪೇಟೆಯಲ್ಲಿ ಒಣಮೀನು ಮಾರುವ ಸಬೆಲ್‌ಳ ಮಗಳು. ಸಿನಿಮಾ ವಾರಪತ್ರಿಕೆಯೊಂದಕ್ಕೆ ಕರಡು ತಿದ್ದಲು ಸೇರಿದ್ದಳು. ಅಂಕಣಕಾರರು ಕಾಮಾಲೆ ಹಿಡಿದು ಮಲಗಿದಾಗ, ಖಾಲಿ ಬಿದ್ದ ಅರ್ಧ ಪುಟವನ್ನು ಹೇಗಾದರೂ ತುಂಬಿಸು ಎಂದರು ಸಂಪಾದಕರು. ಪೇಟೆಯ ಹೆಂಗಸರು ಮೀನು ಹೆರೆಯುತ್ತ ಮಾತಾಡುವ ಧಾಟಿಯಲ್ಲೇ ನಿಲಾ ಬರೆದುಕೊಟ್ಟಳು. ಕಾಮಾಲೆ ವಾಸಿಯಾಗಿ ಬಂದವರಿಗೆ ಕುರ್ಚಿ ವಾಪಸು ಸಿಗಲಿಲ್ಲ.

ಹೆಸರು ಹಾಕದೆ, ಸುಳಿವು ಮಾತ್ರ ಕೊಟ್ಟು ಬರೆಯುವ ಒಗಟು ಸುದ್ದಿಯಲ್ಲಿ ಆಕೆಯದು ಎತ್ತಿದ ಕೈ. ಮಚ್ಚೆಯನ್ನು ಪೆನ್ಸಿಲಿನಲ್ಲಿ ಬರೆದುಕೊಳ್ಳುವ ಯಾವ ನಾಯಕಿ ಯಾರ ಹೆಗಲ ಮೇಲೆ ನಿದ್ದೆ ಹೋದಳು ಎಂದು ಬರೆದರೆ, ಮರುದಿನ ಮೂವರು ನಾಯಕಿಯರು ಫೋನ್ ಮಾಡಿ ಅದು ನಾನಲ್ಲ ಎನ್ನುತ್ತಿದ್ದರು. ಫೋನ್ ಮಾಡದ ನಾಲ್ಕನೆಯವಳೇ ಇರಬೇಕೆಂದು ನಿಲಾಗೆ ಆಗ ಖಾತ್ರಿಯಾಗುತ್ತಿತ್ತು. ಅತ್ತು ಬಂದವರಿಗೆ, ನಾನು ಹೆಸರೇ ಬರೆದಿಲ್ಲವಲ್ಲ ಎಂದು ಸಮಾಧಾನ ಹೇಳಿ ಕಳಿಸುತ್ತಿದ್ದಳು. ಬುಧವಾರ ಮಧ್ಯಾಹ್ನಗಳಲ್ಲಿ ರೇಡಿಯೋದಲ್ಲಿ ಕೂತು ಬೇರೆಯವರ ಒಗಟುಗಳನ್ನೂ ಬಿಡಿಸುತ್ತಿದ್ದಳು.

೧೯೮೪ರ ಒಂದು ಬುಧವಾರ ಸಿಕ್ಕಿದ್ದು ಪ್ರತಿಸ್ಪರ್ಧಿ ಅವೆಲಿನಾ ದಿಮಾಲಾಂತಾ ಬರೆದ ಒಗಟು. ಊರಿನ ಗುಟ್ಟೆಲ್ಲ ಬಲ್ಲ ಒಬ್ಬ ಹೆಂಗಸು ವಾರಕ್ಕೆರಡು ಮಧ್ಯಾಹ್ನ ಹೋಟೆಲಿನ ಮೂಲೆಯ ಮೇಜಿನಲ್ಲಿ, ಒಂದೇ ಕಾಲಿನ ಚಪ್ಪಲಿ ಬಿಟ್ಟು, ‘ಬೀಳುವವ’ನೊಬ್ಬನ ಜೊತೆ ನೂಡಲ್ಸ್ ತಿನ್ನುತ್ತಾಳೆ, ಯಾರಾಕೆ? ಬೀಳುವವನೆಂದರೆ ಚುನಾವಣೆಯಲ್ಲಿ ಬಿದ್ದವನು, ಹೆಂಗಸು ನಿರ್ಮಾಪಕರೊಬ್ಬರ ಹೆಂಡತಿ ಎಂದು ನಿಲಾ ಹತ್ತು ನಿಮಿಷ ವಿವರಿಸಿದಳು.

ಸಂಜೆ ಮನೆಗೆ ಬಂದು ತಟ್ಟೆ ಮುಂದೆ ಕೂತಾಗ ಸಬೆಲ್ ಹೇಳಿದಳು: “ನಿನ್ನ ರೇಡಿಯೋ ಕೇಳಿ ಮೀನುಪೇಟೆಯೆಲ್ಲಾ ನಕ್ಕಿತು ಕಣೇ. ಮೇಜಿನ ಕೆಳಗೆ ನೋಡ್ಕೋ.”

ನಿಲಾ ನೋಡಿಕೊಂಡಳು. ಒಂದು ಕಾಲಲ್ಲಿ ಚಪ್ಪಲಿ ಇತ್ತು, ಇನ್ನೊಂದು ಬರಿಗಾಲು.

“ಬೀಳೋನು ಅಂದ್ರೆ? ಕುಡಿದು ಬೀಳ್ತಾನಾ?”

“ಇಲ್ಲಮ್ಮಾ,” ಎಂದಳು ಮಗಳು, ತಾಯಿಯ ಮುಖ ನೋಡದೆ. “ಸಂಬಳಕ್ಕೆ ಬೀಳ್ತಾನೆ. ಸಿನಿಮಾದಲ್ಲಿ ಹೀರೋ ಬದಲು, ಕುದುರೆ ಮೇಲಿಂದ, ಮಹಡಿ ಮೇಲಿಂದ.”

“ಹೆಂಡ್ತಿ?”

“ತೀರ್ಕೊಂಡು ಆರು ವರ್ಷ ಆಯ್ತು.”

“ಮತ್ತೆ ಮುಚ್ಚಿಡೋಕೆ ಏನಿತ್ತೇ? ಭಾನುವಾರ ಚರ್ಚಿನ ಪೂಜೆ ಮುಗಿಸ್ಕೊಂಡು ಊಟಕ್ಕೆ ಕರ್ಕೊಂಡು ಬಾ.”

ಮುಚ್ಚಿಡಲು ನಿಜಕ್ಕೂ ಏನೂ ಇರಲಿಲ್ಲ. ಯಾರಾದರೂ ಬರೆದುಬಿಟ್ಟಾರು ಎಂಬ ಭಯವೊಂದೇ. ಹೇಗೆ ಬರೆಯುತ್ತಾರೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಮರುದಿನ ಜಗಳಕ್ಕೆಂದೇ ಅವೆಲಿನಾಳ ಕಚೇರಿಗೆ ನುಗ್ಗಿದಳು. ಅವೆಲಿನಾ ಬೀಸಣಿಗೆ ಬೀಸಿಕೊಳ್ಳುತ್ತ, “ನಾನು ಹೆಸರೇ ಬರ್ದಿಲ್ವಲ್ಲ, ನಿಲಾ,” ಎಂದಳು.

ನಿಲಾ ದೊಪ್ಪನೆ ಕುರ್ಚಿಯಲ್ಲಿ ಕೂತಳು. “ನಿನ್ನೆಯಿಂದ ಬೀದೀಲಿ ಯಾರು ನಕ್ಕರೂ ನನ್ನ ನೋಡೇ ನಕ್ಕಂಗಾಗುತ್ತೆ,” ಎಂದಳು.

“ನಮ್ಮಿಬ್ಬರಲ್ಲಿ ಒಬ್ಬರಿಗಾದ್ರೂ ಅದು ಹೇಗಿರುತ್ತೇಂತ ಗೊತ್ತಾಗ್ಬೇಕಿತ್ತು,” ಎಂದು ಅವೆಲಿನಾ ಕಾಫಿ ಬಗ್ಗಿಸಿಕೊಟ್ಟಳು. “ನಿನಗಾಗಿದ್ದು ಒಳ್ಳೇದಾಯ್ತು.”

ಭಾನುವಾರ ಆ ‘ಬೀಳುವವ’ ಇಸ್ಲಾವ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದ. ನೂರಾರು ಮಹಡಿಗಳಿಂದ ಹಾರಿದ್ದ ಮನುಷ್ಯ ಸಬೆಲ್‌ಳ ಮನೆಯ ಮೂರೇ ಮೆಟ್ಟಿಲಲ್ಲಿ ಎಡವಿ ಮಗುಚಿಬಿದ್ದ. “ಇದಕ್ಕೂ ಸಂಬಳ ಕೊಡ್ಬೇಕೇನಪ್ಪಾ?” ಎನ್ನುತ್ತ ಸಬೆಲ್ ಕೈಹಿಡಿದು ಎಬ್ಬಿಸಿದಳು. ಆ ಡಿಸೆಂಬರಿನಲ್ಲಿ ಮದುವೆಯಾಯಿತು. ಚರ್ಚಿನಲ್ಲಿ ಮದುವೆಗೆ ಸಾಕ್ಷಿಯಾಗುವ ವಧುವಿನ ಧರ್ಮಮಾತೆಯಾಗಿ ಅವೆಲಿನಾಳೇ ನಿಂತಳು. ಬೇರೆ ಪತ್ರಿಕೆಗೆ ಒಂದೂ ಫೋಟೋ ಸಿಗದಂತೆಯೂ ನೋಡಿಕೊಂಡಳು.

ಅಲ್ಲಿಂದಾಚೆ ನಿಲಾ ಒಗಟು ಬರೆಯುವುದನ್ನು ಬಿಟ್ಟಳೆಂದರೆ ಸುಳ್ಳಾದೀತು. ಅಚ್ಚಿಗೆ ಕೊಡುವ ಮುಂಚೆ ಸಂಬಂಧಪಟ್ಟವರಿಗೆ ತಾನೇ ಫೋನ್ ಮಾಡುತ್ತಿದ್ದಳು, ಬೇಡವೆಂದವರದನ್ನು ಹರಿದುಹಾಕುತ್ತಿದ್ದಳು. ಪುಟ ಖಾಲಿ ಬೀಳುತ್ತದೆಂದು ಸಂಪಾದಕರು ಗೊಣಗಿದರು. ಹಾಗೇನೂ ಆಗಲಿಲ್ಲ. ಅವಳಿಗೆ ಎಪ್ಪತ್ತೊಂದು ವರ್ಷವಾಗುವವರೆಗೂ ಅಂಕಣ ತುಂಬಿ ತುಳುಕಿತು. ಫೋನ್ ಮಾಡಿದರೆ, “ಟೀಟಾ, ಇನ್ನೊಂದೆರಡು ಸುಳಿವು ಸೇರಿಸಿ. ಹಿಂಗೆ ಬರೆದ್ರೆ ಅದು ನಾನೂಂತ ಯಾರಿಗೂ ಗೊತ್ತಾಗಲ್ಲ,” ಎಂದು ಬೇಡಿಕೊಳ್ಳುವವರೇ ಹೆಚ್ಚಾಗಿದ್ದರು.