ಬೆಳಕು ನೋಡಲು ತೆಗೆದ ಫೋಟೋಗಳು

ಸ್ಟುಡಿಯೋಗೆ ಒಂದು ಹೆಸರಿತ್ತು. ಬಾಗಿಲ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿಯೂ ಇತ್ತು. ಆದರೆ ಆ ಬೀದಿಯಲ್ಲಿ ಅದನ್ನು ಓದಿದವರೇ ಕಡಿಮೆ. ಫೋಟೋ ಬೇಕೆಂದವರಿಗೆ ಎಲ್ಲರೂ ಹೇಳುತ್ತಿದ್ದುದು ಒಂದೇ ಮಾತು: “ಗದ್ದದ ಮಾಮನ ಹತ್ರ ಹೋಗಿ.” ಮೂವತ್ತು ವರ್ಷ ಪಾಸ್‌ಪೋರ್ಟ್ ಸೈಜಿನ ಫೋಟೋ ತೆಗೆದು, ಸ್ಟೂಲಿನ ಮೇಲೆ ಕೂತ ಪ್ರತಿಯೊಬ್ಬರಿಗೂ “ಸ್ವಲ್ಪ ಗದ್ದ ಮೇಲೆ” ಎಂದು ಹೇಳಿದ ಮನುಷ್ಯನಿಗೆ ಇನ್ನೇನು ಹೆಸರು ಬಂದೀತು? ಎಂಥ ಮುಖ ತಂದುಕೊಟ್ಟರೂ, ನನ್ನಂಥವನದನ್ನೇ ತಂದುಕೊಟ್ಟರೂ, ಕಚೇರಿಯವರು ಒಪ್ಪುವ ಮಟ್ಟಕ್ಕೆ ತಂದು ನಿಲ್ಲಿಸುತ್ತಿದ್ದರು. ಚಂದ ಮಾಡುತ್ತೇನೆಂದು ಮಾತ್ರ ಯಾರಿಗೂ ಮಾತು ಕೊಟ್ಟವರಲ್ಲ.

ಅವರ ಹೆಂಡತಿ ಹೋಗಿ ಏಳು ತಿಂಗಳಾಗಿತ್ತು. ಹನ್ನೊಂದು ದಿನ ಆಸ್ಪತ್ರೆ, ಆಮೇಲೆ ಇಲ್ಲ. ಗದ್ದದ ಮಾಮ ಮುಂದಿನ ವಾರವೇ ಅಂಗಡಿ ತೆರೆದರು. ತಟ್ಟೆಗೆ ಬಡಿಸಿದ್ದನ್ನು ತಿಂದರು, ಕೇಳಿದ್ದಕ್ಕೆ ಹೂಂ ಅಂದರು. ಬೀದಿಯವರು “ಗಟ್ಟಿ ಆಸಾಮಿ” ಎಂದು ಮೆಚ್ಚಿಕೊಂಡರು. ಗಟ್ಟಿತನವೂ ಅಲ್ಲ, ಮಣ್ಣೂ ಅಲ್ಲ. ಹಲ್ಲು ಕೀಳುವ ಮುಂಚೆ ಡಾಕ್ಟರು ಸೂಜಿ ಚುಚ್ಚಿದ ಮೇಲೆ ತುಟಿ ಇರುತ್ತದಲ್ಲ, ಮುಟ್ಟಿದರೆ ಇದೆ, ಆದರೆ ತನ್ನದಲ್ಲ, ಹಾಗಿದ್ದರು ಅಷ್ಟೇ.

ಒಂದು ಭಾನುವಾರ ಅಂಗಡಿಯ ಹಿಂದಿನ ಮನೆಗೆ ನಾದಿನಿ ಬಂದಳು. ಹೆಂಡತಿಯ ತಂಗಿ, ಬಾಯಿ ಸ್ವಲ್ಪ ಜೋರು. ಮನೆಯ ನಾಲ್ಕೂ ಗೋಡೆಗಳನ್ನು ತಪಾಸಣೆಯವರ ಹಾಗೆ ನೋಡಿದಳು.

“ಭಾವ, ಇದು ಫೋಟೋಗ್ರಾಫರ್ ಮನೆ ತಾನೆ?”

“ಹೂಂ.”

“ಅಕ್ಕನದೊಂದು ಫೋಟೋ ಇಲ್ಲವಲ್ಲ! ಊರೋರ ಮುಖವೆಲ್ಲ ತೆಗೆದ್ರಿ.”

“ಮದುವೇದು ಇದೆ.”

“ಅದರಲ್ಲಿರೋಳು ಇಪ್ಪತ್ತೆರಡು ವರ್ಷದ ಹುಡುಗಿ. ನನಗೆ ನಮ್ಮಕ್ಕ ಬೇಕು.”

ಮಾತು ನಿಜವಾಗಿತ್ತು. ಎಲ್ಲಿ ಕ್ಯಾಮೆರಾ ಎತ್ತಿದರೂ ಹೆಂಡತಿ ಅದರ ಹಿಂದೆ ದೀಪ ಹಿಡಿದು ನಿಂತಿರುತ್ತಿದ್ದಳು, ಮುಂದೆ ಬರುತ್ತಿರಲಿಲ್ಲ. ಯಾರಾದರೂ ಮೊಬೈಲು ಎತ್ತಿದರೆ ಬೆನ್ನು ತಿರುಗಿಸುತ್ತಿದ್ದಳು. ಗುರುತಿನ ಚೀಟಿಯ ಫೋಟೋವನ್ನು ಕಚೇರಿಯ ಕ್ಯಾಮೆರಾವೇ ತೆಗೆದಿತ್ತು. ಅದನ್ನು ನೋಡಿ ಅವಳು “ಇದು ನಾನಾ, ನಮ್ಮ ಸೋದರಮಾವನಾ?” ಎಂದು ಕೇಳಿದ್ದಳು. ಒಂದು ಒಳ್ಳೆಯ ಫೋಟೋ ತೆಗೆಯಬೇಕು, ಪುರುಸೊತ್ತಾದಾಗ ತೆಗೆದರಾಯಿತು ಎಂದುಕೊಂಡೇ ಮೂವತ್ತು ವರ್ಷ ಕಳೆದಿತ್ತು.

ಆದರೂ ಫೋಟೋ ಇತ್ತು. ಒಂದಲ್ಲ, ಮೂರು ಸಾವಿರಕ್ಕೂ ಮೇಲೆ.

ಗದ್ದದ ಮಾಮನಿಗೆ ಒಂದು ಪದ್ಧತಿಯಿತ್ತು. ಬೆಳಿಗ್ಗೆ ಶಟರ್ ಎತ್ತಿದ ಕೂಡಲೇ ದೀಪ ಹಾಕಿ, ಸ್ಟೂಲಿನ ಮೇಲೆ ಒಬ್ಬರನ್ನು ಕೂರಿಸಿ, ಅವರ ಕೈಗೆ ಅಂಗೈಯಗಲದ ಬೂದು ಬಣ್ಣದ ರಟ್ಟು ಕೊಟ್ಟು ಒಂದು ಫೋಟೋ ಹೊಡೆಯಬೇಕು. ಆ ರಟ್ಟು ಫೋಟೋದಲ್ಲಿ ಬೂದಾಗಿಯೇ ಬಂದರೆ ಆ ದಿನ ಎಲ್ಲರ ಬಣ್ಣವೂ ಸರಿ. ನೀಲಿಗೋ ಹಳದಿಗೋ ತಿರುಗಿದರೆ ದೀಪ ಸರಿಮಾಡಬೇಕು. ಈ ಕೆಲಸಕ್ಕೆ ಹನ್ನೊಂದು ವರ್ಷದಿಂದ ಕೂರುತ್ತಿದ್ದವಳು ಹೆಂಡತಿ. ಒಂದು ದಿನ ಕೈಯಲ್ಲಿ ಪೊರಕೆ, ಒಂದು ದಿನ ತಲೆಗೆ ಟವೆಲು, ಒಂದು ದಿನ “ಒಲೆ ಮೇಲೆ ಹಾಲಿದೆ, ಬೇಗ ಒತ್ತಿ” ಎಂದು ಬಾಯಿ ತೆರೆದದ್ದು. ಅವಳಿಗೆ ಮಾತ್ರ ಮಾಮ ಯಾವತ್ತೂ ಗದ್ದ ಮೇಲೆತ್ತಲು ಹೇಳಿರಲಿಲ್ಲ. ಅದು ಫೋಟೋ ಅಲ್ಲವಲ್ಲ, ಬೆಳಕು ನೋಡುವುದು.

ಕಂಪ್ಯೂಟರಿನಲ್ಲಿ ಆ ಫೋಲ್ಡರಿನ ಹೆಸರೂ ‘ಬೆಳಕು’ ಎಂದೇ. ಗಿರಾಕಿಗಳ ಫೋಟೋಗಳಿಗೆ ಎರಡೆರಡು ಪ್ರತಿ ಇದ್ದವು, ಬೇರೆ ಬೇರೆ ಡಿಸ್ಕಿನಲ್ಲಿ. ಹತ್ತು ವರ್ಷದ ಹಿಂದೆ ಬಂದು ಹೋದ ಯಾರದೋ ಮುಖ ಕಳೆದುಹೋಗಬಾರದೆಂಬ ಜಾಗ್ರತೆ. ‘ಬೆಳಕು’ ಮಾತ್ರ ಕೆಲಸಕ್ಕೆ ಬಾರದ್ದು, ಅದಕ್ಕೆ ಒಂದೇ ಪ್ರತಿ ಸಾಕು ಅನ್ನಿಸಿತ್ತು. ಹಳೆಯವನ್ನೂ ಸೇರಿಸಿ ಎಲ್ಲವನ್ನೂ ಆಮೇಲೆ ಕೊಂಡ ಒಂದು ಹಾರ್ಡ್ ಡಿಸ್ಕಿಗೆ ಸಾಗಿಸಿಟ್ಟಿದ್ದರು.

ನಾದಿನಿಯ ಎದುರಿಗೇ ಆ ಹಾರ್ಡ್ ಡಿಸ್ಕನ್ನು ಕಂಪ್ಯೂಟರಿಗೆ ಚುಚ್ಚಿದರು. ಒಳಗೆ ಟಕ್ ಎಂದಿತು. ಮತ್ತೆ ಟಕ್. ಯಾರೋ ಬಾಗಿಲು ತಟ್ಟಿ, ಸ್ವಲ್ಪ ಕಾದು, ಮತ್ತೆ ತಟ್ಟಿದ ಹಾಗೆ. ಪರದೆಯ ಮೇಲೆ ಏನೂ ಬರಲಿಲ್ಲ.

“ಏನಾಯ್ತು ಭಾವ?”

“ಹೋಗಿದೆ.”

“ಹೋಗಿದೆ ಅಂದ್ರೆ?”

“ಹೋಗಿದೆ” ಎಂದರು ಮಾಮ. ಅವರಿಗೆ ಏನೂ ಅನ್ನಿಸಲಿಲ್ಲ. ನಾದಿನಿಯೇ ಅತ್ತಳು. ಅವರು ಅವಳಿಗೆ ಒಂದು ಲೋಟ ನೀರು ತಂದುಕೊಟ್ಟರು.

ಮರುದಿನ ಪಕ್ಕದಂಗಡಿಯ ಜೆರಾಕ್ಸಿನವನು ಡಿಸ್ಕನ್ನು ಕಿವಿಗೆ ಹಿಡಿದು ಕೇಳಿದ. ಎಲ್ಲದಕ್ಕೂ ಅವನಲ್ಲಿ ಒಂದು ಅಭಿಪ್ರಾಯ ತಯಾರಿರುತ್ತಿತ್ತು.

“ಮಾಮ, ಇದಕ್ಕೆ ವಾರಂಟಿ ಇದೆ ಕಣ್ರೀ. ಮೂರು ವರ್ಷ. ಯಾವಾಗ ತಗೊಂಡಿದ್ದು?”

“ಅವಳಿಗೆ ಗೊತ್ತು.”

ಜೆರಾಕ್ಸಿನವನು ಡಿಸ್ಕು ಕೆಳಗಿಟ್ಟ. ಆಮೇಲೆ ಮೆಲ್ಲಗೆ, “ಕಾರ್ಡು ಎಲ್ಲಾದ್ರೂ ಇರುತ್ತೆ ನೋಡಿ” ಎಂದ. “ಒಳಗಿರೋದು ತೆಗೆಯೋರೂ ಇದ್ದಾರೆ, ಮೇಲಿನ ಬೀದೀಲಿ. ಆದ್ರೆ ಅವರು ಬಿಚ್ಚಬೇಕು. ಬಿಚ್ಚಿದ್ರೆ ಸೀಲು ಒಡೆಯುತ್ತೆ, ವಾರಂಟಿ ಹೋಯ್ತು. ಸಿಗುತ್ತೋ ಇಲ್ವೋ ಅದೂ ಗ್ಯಾರಂಟಿ ಇಲ್ಲ. ನನ್ನ ಮಾತು ಕೇಳಿ, ಹೊಸದು ಇಸ್ಕೊಂಡು ಬನ್ನಿ. ಇಷ್ಟಾದ್ರೂ ಉಳಿಯುತ್ತೆ.”

ಕಾರ್ಡು ಹುಡುಕುವ ಕಷ್ಟವೇ ಇರಲಿಲ್ಲ. ಬೀರುವಿನ ಕೆಳಗಿನ ಅರೆಯಲ್ಲಿ ಹೆಂಡತಿಯ ಬಿಸ್ಕತ್ತಿನ ಡಬ್ಬಿಯಿತ್ತು. ಅದರಲ್ಲಿ ಆ ಮನೆಗೆ ಕಾಲಿಟ್ಟ ಪ್ರತಿಯೊಂದು ವಸ್ತುವಿನ ವಾರಂಟಿ ಕಾರ್ಡು ಇತ್ತು. ಫ್ಯಾನು, ಇಸ್ತ್ರಿಪೆಟ್ಟಿಗೆ, ಒಂದು ಕೊಡೆಯದು ಕೂಡ. ಕೊಡೆ ಕಳೆದುಹೋಗಿ ಆರು ವರ್ಷವಾಗಿತ್ತು, ಕಾರ್ಡು ಮಾತ್ರ ಮಡಿಕೆ ಬೀಳದೆ ಕೂತಿತ್ತು. ಹಾರ್ಡ್ ಡಿಸ್ಕಿನದು ಮೇಲೆಯೇ ಸಿಕ್ಕಿತು. ಇನ್ನು ನಾಲ್ಕು ದಿನ ಬಾಕಿ.

ಸರ್ವೀಸ್ ಸೆಂಟರಿನಲ್ಲಿ ಟೋಕನ್ ಕೊಟ್ಟು ಕೂರಿಸಿದರು. ಕಬ್ಬಿಣದ ಕುರ್ಚಿಗಳು, ಎಲ್ಲರ ಮಡಿಲಲ್ಲೂ ಸತ್ತದ್ದೊಂದು ಯಂತ್ರ, ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಹನ್ನೊಂದು ದಿನ ಕೂತು ಬಂದ ಮಾಮನಿಗೆ ಈ ಕೂರುವಿಕೆಯಲ್ಲಿ ಹೊಸದೇನೂ ಕಾಣಲಿಲ್ಲ.

ಕೌಂಟರಿನ ಹೆಣ್ಣುಮಗಳು ಡಿಸ್ಕನ್ನು ತಿರುಗಿಸಿ ಮುರುಗಿಸಿ ನೋಡಿದಳು.

“ಏನು ಸಾರ್ ತೊಂದರೆ?”

“ಟಕ್ ಟಕ್ ಅನ್ನುತ್ತೆ.”

“ಕೆಳಗೆ ಬಿದ್ದಿತ್ತಾ?”

“ಇಲ್ಲ.”

“ನೀರು ಗೀರು?”

“ಇಲ್ಲ.”

“ಮತ್ತೆ ಹೇಗೆ ಹೋಯ್ತು?”

“ಹಾಗೇ ಹೋಯ್ತು. ಚೆನ್ನಾಗೇ ಇತ್ತು.”

ಈ ಉತ್ತರ ಅವರಿಗೆ ಬಾಯಿಪಾಠವಾಗಿತ್ತು. ಏಳು ತಿಂಗಳಿಂದ ಸಿಕ್ಕಿದವರಿಗೆಲ್ಲ ಇದನ್ನೇ ಹೇಳಿದ್ದರು.

“ಸರಿ, ಹೊಸದು ಕೊಡ್ತೀವಿ. ಇದು ಫ್ಯಾಕ್ಟರಿಗೆ ಹೋಗುತ್ತೆ, ವಾಪಸ್ ಬರಲ್ಲ. ಒಳಗಿರೋದಕ್ಕೆ ನಾವು ಜವಾಬ್ದಾರರಲ್ಲ ಅಂತ ಇಲ್ಲೊಂದು ಸಹಿ.”

“ಒಳಗಿರೋದೇ ಬೇಕಾಗಿತ್ತು.”

“ಒಳಗಿರೋದಕ್ಕೆ ವಾರಂಟಿ ಇಲ್ಲ ಸಾರ್. ಡಬ್ಬಿಗೆ ಮಾತ್ರ” ಎಂದಳು ಅವಳು, ಸಿಡುಕದೆ. ದಿನಕ್ಕೆ ಮೂವತ್ತು ಸಲ ಹೇಳುವ ಮಾತಿರಬೇಕು, ‘ಸ್ವಲ್ಪ ಗದ್ದ ಮೇಲೆ’ ಇದ್ದ ಹಾಗೆ.

“ಅದನ್ನ ಏನು ಮಾಡ್ತಾರೆ, ಅಲ್ಲಿ?”

“ರಿಪೇರಿ ಆಗೋ ಹಾಗಿದ್ರೆ ಪೂರ್ತಿ ಒರೆಸಿ ಬೇರೆಯವರಿಗೆ ಕೊಡ್ತಾರೆ. ಇಲ್ಲಾಂದ್ರೆ ಪುಡಿ ಮಾಡ್ತಾರೆ.”

ಮಾಮ ಪೆನ್ನು ತೆಗೆದುಕೊಂಡು ಸಹಿ ಮಾಡಿದರು. ಆಮೇಲೆ ಜೆರಾಕ್ಸಿನವನಿಗೆ ಅವರೇ ಹೇಳಿದಂತೆ, ಸಹಿ ಮಾಡಿದವರು ಅವರಲ್ಲ, ಅವರ ಕೈ. ಕಾಗದ ಮುಂದಿಟ್ಟು ಬೆರಳು ತೋರಿಸಿದಲ್ಲೆಲ್ಲ ಸಹಿ ಹಾಕುವುದು ಆ ಕೈಗೆ ಅಭ್ಯಾಸವಾಗಿ ಬಿಟ್ಟಿತ್ತು.

ಹೆಣ್ಣುಮಗಳು ಡಿಸ್ಕನ್ನು ನೀಲಿ ಟ್ರೇಯೊಳಗೆ ಇಟ್ಟಳು. ಕಾರ್ಡು ನೋಡಿದಳು. ನಿಂತಳು.

“ಸಾರ್, ಇದರಲ್ಲಿ ಬೇರೆ ಹೆಸರಿದೆ.”

ಮಾಮ ಬಗ್ಗಿ ನೋಡಿದರು. ಖರೀದಿಸಿದವರ ಹೆಸರು ಎಂಬಲ್ಲಿ, ಸಾಲು ಕೆಳಗೆ ಜಾರುವ ಗುಂಡು ಅಕ್ಷರದಲ್ಲಿ, ಹೆಂಡತಿ ತನ್ನ ಹೆಸರು ಬರೆದಿದ್ದಳು. ಅಂದು ಅಂಗಡಿಯಲ್ಲೇ “ನಿಮ್ಮ ಹೆಸರಲ್ಲಿ ಬರೆದ್ರೆ ನೀವು ಕಾರ್ಡು ಕಳೀತೀರಿ, ನನ್ನ ಹೆಸರಲ್ಲೇ ಇರಲಿ” ಎಂದಿದ್ದಳು. ಈಗ ನೆನಪಾಯಿತು.

“ನನ್ನ ಹೆಂಡತಿ.”

“ಹಾಗಾದ್ರೆ ಅವರೇ ಬರಬೇಕು ಸಾರ್. ಸಹಿ ಅವರದೇ ಆಗಬೇಕು.”

“ಬರೋಕಾಗಲ್ಲ.”

“ಊರಲ್ಲಿ ಇಲ್ವಾ?”

“ಇಲ್ಲ.”

“ಯಾವತ್ತು ಬರ್ತಾರೆ? ಇನ್ನು ನಾಲ್ಕೇ ದಿನ ಇರೋದು, ಫೋನ್ ಮಾಡಿ ಹೇಳಿ.”

ಮಾಮ ಚೀಲದಿಂದ ಒಂದು ಕಾಗದ ತೆಗೆದು ಕೊಟ್ಟರು. ಎಲ್ಲಿ ಹೋದರೂ ಬೇಕಾಗುತ್ತದೆಂದು ಜೆರಾಕ್ಸಿನವನು ಮರಣ ಪತ್ರದ ಇಪ್ಪತ್ತು ಪ್ರತಿ ಮಾಡಿಕೊಟ್ಟಿದ್ದ. ಇನ್ನೂ ಆರು ಉಳಿದಿದ್ದವು.

ಅವಳು ಓದಿದಳು. ಕುರ್ಚಿಯಲ್ಲಿ ಸ್ವಲ್ಪ ನೇರವಾಗಿ ಕೂತಳು. “ಸಾರಿ ಸಾರ್. ನಾನು…” ಎಂದು ನಿಲ್ಲಿಸಿ, ಡ್ರಾಯರಿನಲ್ಲಿ ಹುಡುಕಿ ಇನ್ನೊಂದು ಫಾರಮ್ಮು ತೆಗೆದಳು. “ದಾರಿ ಇದೆ. ಹೆಸರು ಬದಲಾವಣೆ ಅಂತ. ನಾನೇ ತುಂಬಿಕೊಡ್ತೀನಿ. ಈ ಪತ್ರ ಒಂದು ಪ್ರತಿ ಸಾಕು. ಇಲ್ಲಿ, ಈ ಚೌಕದಲ್ಲಿ, ಮೇಡಮ್ಮಿಂದು ಒಂದು ಪಾಸ್‌ಪೋರ್ಟ್ ಸೈಜ್ ಫೋಟೋ ಅಂಟಿಸಿದ್ರೆ ಆಯ್ತು.”

ಗದ್ದದ ಮಾಮ ಆ ಚೌಕವನ್ನು ನೋಡಿದರು. ಮೂವತ್ತೈದಕ್ಕೆ ನಲವತ್ತೈದು ಮಿಲಿಮೀಟರು. ಕಣ್ಣಳತೆಯಲ್ಲೇ ಗೊತ್ತಾಗುತ್ತಿತ್ತು. ಅಂಥ ಚೌಕಗಳನ್ನು ತುಂಬಿಯೇ ಅವರು ಇಷ್ಟು ದಿನ ಅನ್ನ ತಿಂದದ್ದು.

“ಫೋಟೋ ಅದರಲ್ಲಿದೆ” ಎಂದರು, ಟ್ರೇ ತೋರಿಸಿ.

“ಬೇರೆ ಯಾವುದಾದ್ರೂ? ಎದುರುಗಡೆನೇ ಸ್ಟುಡಿಯೋ ಇದೆ ಸಾರ್, ಐದು ನಿಮಿಷದಲ್ಲಿ ಪ್ರಿಂಟ್ ಹಾಕಿಕೊಡ್ತಾರೆ.”

“ಗೊತ್ತು. ನಾನೂ ಅದೇ ಕೆಲಸ ಮಾಡೋನು.”

ಹಿಂದಿನವರು ಟೋಕನ್ ಹಿಡಿದು ಕೆಮ್ಮಿದರು. ಮಾಮ ಕೌಂಟರಿನ ಮೇಲಿಂದ ಕೈ ಚಾಚಿ ನೀಲಿ ಟ್ರೇಯಿಂದ ಡಿಸ್ಕನ್ನು ಎತ್ತಿಕೊಂಡರು.

“ಸಾರ್, ನಾಲ್ಕು ದಿನ ಆದ್ಮೇಲೆ ನಮ್ಮ ಕೈಲೂ ಏನೂ ಆಗಲ್ಲ.”

“ಪರವಾಗಿಲ್ಲಮ್ಮ. ಆ ಸಹಿ ಮಾಡಿದ್ದು ಹರಿದು ಹಾಕಿ.”

“ಕಾರ್ಡು?”

“ಅದೂ ಕೊಡಿ.”

ಅಲ್ಲಿಂದ ನೇರ ಮೇಲಿನ ಬೀದಿಗೆ ನಡೆದರು. ಡಿಸ್ಕು ಬಿಚ್ಚುವವನು ಗಾಜಿನ ಕೋಣೆಯಲ್ಲಿ ಕೈಗವುಸು ಹಾಕಿ ಕೂತಿದ್ದ. ಸೀಲಿನ ಮೇಲೆ ಚಾಕುವಿನ ತುದಿ ಇಟ್ಟು, “ವಾರಂಟಿ ಇದೆ ಇದಕ್ಕೆ. ಕತ್ತರಿಸಿದ್ರೆ ಹೋಯ್ತು. ಇನ್ನೊಂದು ಸಲ ಯೋಚನೆ ಮಾಡಿ” ಎಂದ.

“ಕತ್ತರಿಸಿ” ಎಂದರು ಮಾಮ.

ಜೆರಾಕ್ಸಿನವನಿಗೆ ಹೊಟ್ಟೆ ಉರಿದುಹೋಯಿತು. “ಬಿಟ್ಟಿ ಹೊಸದು ಬರ್ತಿತ್ತು, ಅದನ್ನ ಒದ್ದು ಬಂದ್ರಲ್ಲ! ಆ ಚೌಕದಲ್ಲಿ ಮದುವೆ ಫೋಟೋನೇ ಕತ್ತರಿಸಿ ಅಂಟಿಸಿದ್ರೆ ಯಾರು ಕೇಳ್ತಿದ್ರು?” ಎಂದು ಮೂರು ದಿನ ಕೂಗಾಡಿದ. ಮಾಮ ಮೂರು ದಿನವೂ ಹೂಂ ಅಂದರು.

ಎರಡು ವಾರದ ಮೇಲೆ ಕರೆ ಬಂತು. ಮೂರು ಸಾವಿರದಲ್ಲಿ ಸಿಕ್ಕಿದ್ದು ಹತ್ತೊಂಬತ್ತು. ಅದರಲ್ಲೂ ಹನ್ನೆರಡು ಅರ್ಧಕ್ಕೇ ನಿಂತುಹೋಗಿ, ಮೂಗಿನಿಂದ ಕೆಳಗೆ ಬರೀ ಪಟ್ಟೆ. ಸರಿಯಾಗಿದ್ದ ಏಳನ್ನು ನಾದಿನಿ ಒಂದೊಂದಾಗಿ ನೋಡಿದಳು. ಎಲ್ಲದರಲ್ಲೂ ಎದೆಗೋ ಕೆನ್ನೆಗೋ ಒತ್ತಿ ಹಿಡಿದ ಬೂದು ರಟ್ಟು.

“ಒಂದರಲ್ಲೂ ಅಕ್ಕ ಸುಮ್ಮನೆ ಕೂತಿಲ್ಲ. ಬೈತಾನೇ ಇದ್ದಾಳೆ.”

“ಹೂಂ.”

“ಈ ರಟ್ಟು ತೆಗೆಯೋಕಾಗಲ್ವಾ ಭಾವ, ಕಂಪ್ಯೂಟರಲ್ಲಿ?”

“ಆಗುತ್ತೆ” ಎಂದರು ಮಾಮ. ಆದರೆ ತೆಗೆಯಲಿಲ್ಲ.

ಆ ಏಳರಲ್ಲಿ ಒಂದು ಚೌಕಟ್ಟು ಹಾಕಿಸಿಕೊಂಡು ಅಂಗಡಿಯ ಗೋಡೆಗೆ ಬಂತು. ತಲೆಗೆ ಟವೆಲು, ಕೈಯಲ್ಲಿ ರಟ್ಟು, ಬಾಯಿ ಅರೆತೆರೆದಿದೆ, ಗದ್ದ ಕೆಳಗಿದೆ. ಬಂದ ಗಿರಾಕಿಗಳು ನೋಡಿ, ಇದೇನು ಜೈಲಿನಲ್ಲಿ ನಂಬರ್ ಹಿಡಿಸಿ ತೆಗೆದ ಹಾಗಿದೆಯಲ್ಲ ಎಂದು ನಗುತ್ತಾರೆ. “ಬೆಳಕು ನೋಡೋಕೆ ತೆಗೆದದ್ದು” ಎನ್ನುತ್ತಾರೆ ಮಾಮ.

ವಾರಂಟಿ ಕಾರ್ಡು ಬಿಸ್ಕತ್ತಿನ ಡಬ್ಬಿಗೆ ಮರಳಿತು, ಕೊಡೆಯ ಕಾರ್ಡಿನ ಪಕ್ಕಕ್ಕೆ. ಅವಧಿ ಮುಗಿದಿದ್ದರೂ ಹೆಸರಿನ ಜಾಗದಲ್ಲಿ ಗುಂಡು ಅಕ್ಷರ ಹಾಗೆಯೇ ಇತ್ತು.

ಆ ಏಳು ತಿಂಗಳು ಮಾಮ ಬೆಳಕು ನೋಡಿರಲಿಲ್ಲ. ಬಂದವರ ಮುಖವೆಲ್ಲ ಕಾಮಾಲೆ ಹಿಡಿದವರಂತೆ ಹಳದಿಯಾಗಿ ಬಂದು, ಕಚೇರಿಗಳಿಂದ ಮೂರು ಫೋಟೋ ವಾಪಸ್ಸಾಗಿದ್ದವು. ಚೌಕಟ್ಟು ಹಾಕಿದ ಮರುದಿನ ಬೆಳಿಗ್ಗೆ ಶಟರ್ ಎತ್ತಿ, ದೀಪ ಹಾಕಿ, ರಟ್ಟು ಹುಡುಕಿ ತೆಗೆದರು. ಅದರ ಒಂದು ಮೂಲೆ ಹಿಡಿದು ಹಿಡಿದು ಸವೆದು ಮೆತ್ತಗಾಗಿತ್ತು. ಕ್ಯಾಮೆರಾಕ್ಕೆ ಹತ್ತು ಸೆಕೆಂಡು ಕೊಟ್ಟು, ವಯಸ್ಸಿಗೆ ಒಪ್ಪದ ಓಟ ಓಡಿ ತಾವೇ ಸ್ಟೂಲಿನ ಮೇಲೆ ಕೂತರು. ಆ ಸವೆದ ಮೂಲೆಯನ್ನೇ ಹಿಡಿದುಕೊಂಡರು.

ಫೋಟೋದಲ್ಲಿ ಕಣ್ಣು ಮುಚ್ಚಿತ್ತು, ಅಂಗಿಯ ಗುಂಡಿ ತಪ್ಪಿತ್ತು. ರಟ್ಟು ಹಳದಿಯಾಗಿತ್ತು. ದೀಪ ಒಂದು ಗೇಣು ಹಿಂದೆ ಸರಿಸಿ ಮತ್ತೆ ಓಡಿ ಕೂತರು. ಈ ಸಲ ರಟ್ಟು ಬೂದಾಗಿಯೇ ಬಂತು. ಅವರಿಗೆ ವಿಶೇಷ ಏನೂ ಅನ್ನಿಸಲಿಲ್ಲ. ‘ಬೆಳಕು’ ಫೋಲ್ಡರಿಗೆ ಹಾಕಿ, ಇನ್ನೊಂದು ಡಿಸ್ಕಿಗೂ ಒಂದು ಪ್ರತಿ ಕಳಿಸಿ, ಬಾಗಿಲಲ್ಲಿ ಕಾಯುತ್ತಿದ್ದವರನ್ನು ಒಳಗೆ ಕರೆದರು.